ಎತ್ತಿನ ಸೂಟಿಯ ದಿನ

"ಮೂವತ್ತಕ್ಕ ಹತ್ತೊಂಬತ್ತು," ಅಂದಳು ನೇತ್ರಾ, ಬದನೆಕಾಯಿ ಪಲ್ಯದ ಪಾತ್ರೆಯನ್ನು ಅಪ್ಪನ ಕಡೆ ಸರಿಸುತ್ತ.

ಈರೇಶನ ತುತ್ತು ಅರ್ಧ ದಾರಿಯಲ್ಲೇ ನಿಂತಿತು. "ಯಾರಿಗೆ, ನಿನಗ? ನಿಮ್ಮ ಯುನಿವರ್ಸಿಟಿಯೊಳಗ ಹತ್ತೊಂಬತ್ತಂದ್ರ ಪಾಸೋ ನಪಾಸೋ?"

"ನನಗಲ್ಲ ಪಪ್ಪಾ. ಆಯಿಗೆ."

ಎಲ್ಲರೂ ಮೇಜಿನ ಆ ತುದಿಗೆ ನೋಡಿದರು. ಈರೇಶನ ತಾಯಿ ನಿಂಗವ್ವ, ಎಪ್ಪತ್ತೇಳರ ಮುದುಕಿ, ರೊಟ್ಟಿ ಮುರಿದು ಹಾಲಿನಲ್ಲಿ ಹಾಕಿ ಅದು ನೆನೆಯುವುದನ್ನು ಕಾಯುತ್ತಿದ್ದಳು.

"ನಂಗೇನು ಬಂತು?"

"ಮಾರ್ಕ್ಸು, ಆಯಿ."

"ಪಾಸ್ ಮಾಡಿದಿ ಇಲ್ಲೋ ಮತ್ತ?"

ನೇತ್ರಾ ತಾಟಿನ ಕಡೆ ಬಗ್ಗಿದಳು. ಅದನ್ನು ಅವಳ ತಾಯಿ ಕಲಾವತಿ ನೋಡಿದಳು. "ಉಣ್ಣು ಹೊತ್ತಿನ್ಯಾಗ ಇದೆಲ್ಲ ಯಾಕ? ಪಲ್ಯ ಹಚ್ಚಿಕೋರಿ," ಅಂದಳು.

ನೇತ್ರಾ ಮಿಸಿಸಾಗಾದ ಮನೆಯಿಂದ ರೈಲಿನಲ್ಲಿ ಹೋಗಿಬಂದು ಹ್ಯಾಮಿಲ್ಟನ್ನಿನಲ್ಲಿ ಜೆರೊಂಟಾಲಜಿ ಓದುತ್ತಿದ್ದಳು. ಮುಪ್ಪಿನ ಶಾಸ್ತ್ರ. ಮನುಷ್ಯನಿಗೆ ವಯಸ್ಸು ಹೇಗೆ ಆಗುತ್ತದೆ, ಆದ ಮೇಲೆ ಅವನನ್ನು ಯಾರು ಹೇಗೆ ನೋಡಿಕೊಳ್ಳಬೇಕು ಅನ್ನುವ ಓದು. ಮೂರು ವರ್ಷದ ಹಿಂದೆ ಈ ಕೋರ್ಸಿಗೆ ಸೇರಿದಾಗ ನಿಂಗವ್ವ ಬೆರಗಾಗಿ ಕೇಳಿದ್ದಳು: "ಮುದುಕರಾಗೂದನ್ನೂ ಸಾಲ್ಯಾಗ ಕಲಸ್ತಾರ? ನಾ ಪುಕ್ಕಟೆ ಕಲ್ತೆ ನೋಡು."

ಈ ಸೆಮಿಸ್ಟರಿನಲ್ಲಿ ನೆನಪಿನ ಶಕ್ತಿ ಅಳೆಯುವ ಪ್ರಶ್ನಾವಳಿಯೊಂದನ್ನು ಮನೆಯ ಹಿರಿಯರೊಬ್ಬರ ಮೇಲೆ ಎರಡು ಸಲ ನಡೆಸಿ ವರದಿ ಬರೆಯಬೇಕಿತ್ತು. ಕಲಿಯುವುದಕ್ಕಷ್ಟೇ, ಬಂದ ಅಂಕವನ್ನು ಮನೆಯಲ್ಲಿ ಹೇಳಬೇಡಿ ಅಂತ ಪ್ರೊಫೆಸರ್ ಎರಡು ಸಲ ಹೇಳಿದ್ದರು. ಸೋಮವಾರ ನೇತ್ರಾಗೆ ಕ್ಲಾಸಿಲ್ಲ. ಅಕ್ಟೋಬರಿನ ಎರಡು ಸೋಮವಾರ ಆಯಿಯ ಎದುರು ಕೂತು ಪ್ರಶ್ನೆ ಕೇಳಿದಳು, ಉತ್ತರ ಬರೆದುಕೊಂಡಳು, ಕೂಡಿಸಿದಳು. ಮೊದಲ ಸಲ ಇಪ್ಪತ್ತು, ಎರಡನೆಯ ಸಲ ಹತ್ತೊಂಬತ್ತು. ಅಂಕ ಬಂದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ವರ್ಷ ಪುಸ್ತಕದಲ್ಲಿ ಓದಿದ್ದು ತನ್ನ ಮನೆಯ ಊಟದ ಮೇಜಿಗೇ ಬಂದು ಕೂತಿದೆ. ಅದನ್ನು ಬಾಯಿಯೊಳಗೆ ಇಟ್ಟುಕೊಳ್ಳುವುದು ಹೇಗೆ?

"ಹತ್ತೊಂಬತ್ತಂದ್ರ ಏನರ್ಥ?" ಈರೇಶ ಬಿಡಲಿಲ್ಲ.

"ಇಪ್ಪತ್ತಾರರ ಕೆಳಗ ಬಂದ್ರ ಕನ್ಸರ್ನ್ ಪಪ್ಪಾ. ಡಾಕ್ಟರಿಗೆ ತೋರಸಬೇಕು."

"ನಾಕನೇ ಇಯತ್ತೆ ಓದಿದ ಹೆಣಮಗಳಿಗೆ ಇಪ್ಪತ್ತಾರು ಎಲ್ಲಿಂದ ಬರತಾವ?" ಅಂದಳು ಕಲಾವತಿ.

"ಮಮ್ಮಿ, ಸ್ಕೂಲಿಂಗಿಗೆ ಒಂದು ಮಾರ್ಕ್ ಕೂಡಿಸೀನಿ. ಐ ನೋ ವಾಟ್ ಐಯಾಮ್ ಡೂಯಿಂಗ್."

ಕಲಾವತಿ ಓಕ್‌ವಿಲ್ಲಿನ ಒಂದು ವೃದ್ಧಾಶ್ರಮದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮುದುಕರನ್ನು ಎಬ್ಬಿಸುವುದು, ಜಳಕ ಮಾಡಿಸುವುದು, ಉಣ್ಣಿಸುವುದು, ಮಲಗಿಸುವುದು. ಮಗಳ ಮಾತಿಗೆ ಅವಳು ಎದ್ದು ತಾಟು ಎತ್ತಿದಳು. "ನೀ ಓದಿ ಕಲೀತಿ. ನಾ ತಿಕ್ಕಿ ತೊಳದು ಕಲ್ತೀನಿ. ಇಬ್ಬರೂ ನೋಡೂಣು."

*

ಅದಾಗಿ ಮೂರೇ ದಿನಕ್ಕೆ ಹಂಚು ಸುಟ್ಟಿತು.

ನಿಂಗವ್ವ ದಿನವೂ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಳು. ಬೇಕಿರಲಿ ಬೇಡದಿರಲಿ ಹನ್ನೆರಡು. ಉಳಿದವು ಕಡಕ್ ಆಗಿ ಬಟ್ಟೆಯ ಗಂಟಿನಲ್ಲಿ ಕೂರುತ್ತಿದ್ದವು, ಅವರ ಬಡಾವಣೆ ಪೋರ್ಟ್ ಕ್ರೆಡಿಟ್ಟಿನ ಸುತ್ತಲಿದ್ದ ಬೆಳಗಾವಿ, ಧಾರವಾಡ ಕಡೆಯವರ ನಾಲ್ಕಾರು ಮನೆಗಳಿಗೆ ಹೋಗುತ್ತಿದ್ದವು. ಆ ಗುರುವಾರ ಕಡೆಯ ರೊಟ್ಟಿ ತೆಗೆದವಳು ಒಲೆ ಆರಿಸದೆ ಹೋಗಿ ಮಲಗಿದಳು. ಹೊಗೆಯ ಅಲಾರಾಂ ಕೂಗಿದಾಗ ಆಯಿಯ ಜೊತೆ ಮನೆಯಲ್ಲಿದ್ದವಳು ಅಂದು ಕ್ಲಾಸು ರದ್ದಾಗಿದ್ದ ನೇತ್ರಾ ಒಬ್ಬಳೇ. ಓಡಿ ಬಂದು ನೋಡಿದರೆ ಹಂಚು ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಪಕ್ಕದ ಒರೆಸುವ ಬಟ್ಟೆಯ ಅಂಚು ಕಂದುತ್ತಿತ್ತು.

"ಕೂಗ್ತೈತಲ್ಲ, ಅದೇನು?" ಅಂತ ಆಯಿ ಬಾಗಿಲಲ್ಲಿ ನಿಂತು ಕೇಳಿದಳು. "ಪೋಸ್ಟಿನವ ಬಂದನ?"

ಸಂಜೆ ಬರ್ಲಿಂಗ್ಟನ್ನಿನ ಫ್ಯಾಕ್ಟರಿಯಿಂದ ಬಂದ ಈರೇಶ ಬೂಟನ್ನೂ ಬಿಚ್ಚದೆ ಅಡಿಗೆಮನೆಗೆ ಹೋದ. ಒಲೆಯ ಮುಂದಿನ ಐದೂ ನಾಬುಗಳನ್ನು ಒಂದೊಂದಾಗಿ ಕಿತ್ತು ಕೋಟಿನ ಕಿಸೆಗೆ ಹಾಕಿಕೊಂಡ.

"ಇದೇನೋ ಈರ್ಯಾ?"

"ರಿಪೇರಿ ಅವ್ವಾ."

"ನಿನ್ನೆ ಉರೀತಿತ್ತು."

"ಇವತ್ತ ಕೆಟ್ಟೈತಿ."

ನಾಬು ಕಿತ್ತ ಜಾಗದಲ್ಲಿ ಐದು ಸಣ್ಣ ಕಬ್ಬಿಣದ ಕಡ್ಡಿಗಳು ಮಾತ್ರ ಉಳಿದವು. ನಿಂಗವ್ವ ಬೆರಳಲ್ಲಿ ಒಂದನ್ನು ತಿರುವಿ ನೋಡಿದಳು. ತಿರುಗಲಿಲ್ಲ.

ಅಂದಿನಿಂದ ಮನೆಯಲ್ಲಿ ಯಾರಿಗೂ ಒಂದು ಕಡೆ ನಿಲ್ಲಲಿಕ್ಕಾಗಲಿಲ್ಲ. ಕಲಾವತಿ ಶಿಫ್ಟಿಗೆ ಹೊರಡುವ ಮೊದಲು ಗಂಡನ ಕೈಯಿಂದ ನಾಬು ಇಸಕೊಂಡು ಅಡಿಗೆ ಮಾಡಿ ಮತ್ತೆ ಕಿತ್ತು ಕಬೋರ್ಡಿನ ಮೇಲಿನ ಚಹಾ ಡಬ್ಬಿಯಲ್ಲಿ ಹಾಕಬೇಕು. ಈರೇಶ ಫ್ಯಾಕ್ಟರಿಯಿಂದ ಎರಡು ಸಲ ಫೋನು ಮಾಡಿ ಡಬ್ಬಿ ಎಲ್ಲಿದೆ ಅಂತ ಕೇಳುತ್ತಾನೆ. ನೇತ್ರಾ ರೈಲಿನಲ್ಲಿ ಕೂತು ಮನೆಯಲ್ಲಿ ಹಚ್ಚಿದ ಕ್ಯಾಮೆರಾವನ್ನು ಫೋನಿನಲ್ಲಿ ತೆರೆದು ನೋಡುತ್ತಾಳೆ: ಆಯಿ ಸೋಫಾದಿಂದ ಎದ್ದಳು, ಅಡಿಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು. ಒಮ್ಮೊಮ್ಮೆ ಊಟದ ಮೇಜಿನ ಮುಂದೆ ನಿಂತು ಬರಿಯ ಮೇಜನ್ನೇ ಅಂಗೈಯಲ್ಲಿ ಬಡಿಯುತ್ತಿದ್ದಳು. ಬಡಿದು, ತಿರುವಿ, ಬಡಿದು. ಫೋನಿನಲ್ಲಿ ಸದ್ದು ಬರುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು.

ಅಂಗಡಿಯಿಂದ ತಂದ ಚಪಾತಿಯನ್ನು ನಿಂಗವ್ವ ಮುಟ್ಟಲಿಲ್ಲ. "ಇದು ರಟ್ಟು," ಅಂದಳು. "ಪುಸ್ತಕಕ್ಕ ಹಾಕ್ರಿ."

"ಅವ್ವಾ, ಒಂದೆರಡು ವಾರ," ಅಂದ ಈರೇಶ.

"ರಿಪೇರಿಯವಗ ಫೋನ್ ಹಚ್ಚಲಾ ನಾನ?"

"ನಿನಗ ನಂಬರ್ ಗೊತ್ತಿಲ್ಲ."

"ಹೇಳಿದ್ರ ಗೊತ್ತಾಗತೈತಿ. ಹೇಳಾಕ ನಿನಗ ಬಾಯಿಲ್ಲ."

ರಾತ್ರಿಯ ಊಟಕ್ಕೆ ಕೂತರೆ ಜಗಳ ತಪ್ಪುತ್ತಿರಲಿಲ್ಲ.

"ಡೇ ಪ್ರೋಗ್ರಾಂ ಅಂತ ಐತಂತ," ಈರೇಶ ಶುರು ಮಾಡುತ್ತಿದ್ದ. "ಮುಂಜಾನೆ ಬಸ್ ಬರತೈತಿ, ಸಂಜಿಗೆ ಬಿಡತಾರ. ಮುಂದ ಹೆಚ್ಚುಕಡಿಮಿ ಆದ್ರ ಇರಾಕ ಜಾಗಾ ಬೇಕಂದ್ರ ಈಗಿಂದ ಹೆಸರು ಹಚ್ಚಬೇಕಂತ. ವರ್ಷಗಟ್ಟಲೆ ಕಾಯಬೇಕಂತ."

"ಎಲ್ಲಿ, ನಾ ಕೆಲಸ ಮಾಡು ಅಂಥಾದರಾಗ?" ಕಲಾವತಿ ಸೌಟು ಇಟ್ಟಳು. "ಅಲ್ಲಿ ನಾ ಒಬ್ಬಾಕಿ ಮುಂಜಾನೆ ಒಂಬತ್ತು ಮಂದಿ ಎಬ್ಬಸ್ತೀನಿ. ಒಂಬತ್ತರಾಗ ನಿಮ್ಮವ್ವ ಎಷ್ಟನೇದಾಕಿ ಆಗಬೇಕು ಹೇಳ್ರಿ."

"ನಾ ಏನು ಇವತ್ತ ಕಳಸಂದೆ? ಮನಿ ಸುಟ್ಟರ? ನಾವು ಮೂರೂ ಮಂದಿ ಹೊರಗಿರತೀವಿ. ನಿನ್ನ ಮಗಳ ಟೆಸ್ಟಿನ್ಯಾಗ ಬಂದೈತಲ್ಲ, ಹತ್ತೊಂಬತ್ತು!"

ಹತ್ತೊಂಬತ್ತು ಅನ್ನುವುದು ಆ ಮನೆಯಲ್ಲಿ ಒಬ್ಬ ನೆಂಟನ ಹೆಸರಿನ ಹಾಗೆ ಓಡಾಡತೊಡಗಿತ್ತು. ಈರೇಶ ಅದನ್ನೇ ಡಾಕ್ಟರಿಗೆ ಹೇಳಿದ. ಡಾಕ್ಟರು ಒಬ್ಬ ನರ್ಸನ್ನು ಮನೆಗೇ ಕಳಿಸಿ ಪರೀಕ್ಷೆ ಮಾಡಿಸುವುದಾಗಿ ಹೇಳಿದರು.

"ಅವ್ವ ಚೊಲೊ ಅದಾಳ ಅಂತ ನರ್ಸ್ ಅಂದ್ರ ನಾಬು ಹಚ್ಚತೀನಿ," ಅಂದ ಈರೇಶ. "ಇಲ್ಲಂದ್ರ ಇಲ್ಲ. ಇದ ನನ್ನ ಕೊನೇ ಮಾತು."

ನಿಂಗವ್ವ ಹಾಲಿನ ಬಟ್ಟಲಿನಿಂದ ಮುಖ ಎತ್ತಿದಳು. "ರಿಪೇರಿ ಮಾಡೂದು ನರ್ಸ್ ಏನೋ?"

*

ನವೆಂಬರಿನ ನಡುವಿನ ಒಂದು ಸಂಜೆ. ವರದಿ ಮರುದಿನ ಕೊಡಬೇಕಿತ್ತು. ನೇತ್ರಾ ಬೇಸ್‌ಮೆಂಟಿನಲ್ಲಿ ಬಟ್ಟೆ ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಟೈಪು ಮಾಡುತ್ತಿದ್ದಳು. ಶಿಫ್ಟು ಮುಗಿಸಿ ಬಂದ ಕಲಾವತಿ ಯೂನಿಫಾರ್ಮು ಮಷೀನಿಗೆ ಹಾಕಿ, ಮಗಳ ಪಕ್ಕ ಬಿದ್ದಿದ್ದ ಹಾಳೆ ಎತ್ತಿಕೊಂಡಳು. ಹಿರಿಯರು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಬೇಕು ಅಂತ ನಿಯಮವಿತ್ತು. ನೇತ್ರಾಗೆ ಕನ್ನಡ ಬರೆಯಲು ಬರದು; ಆಯಿಯ ಮಾತೆಲ್ಲ ಇಂಗ್ಲಿಷ್ ಅಕ್ಷರದಲ್ಲಿತ್ತು. ಕಲಾವತಿ ತುಟಿ ಅಲ್ಲಾಡಿಸುತ್ತ ಓದಿದಳು.

"'ಇದು ಯಾವ ಊರು?' 'ನಮ್ಮ ಈರ್ಯಾನ ಊರು.' ಇದಕ್ಕ ಸೊನ್ನಿ?"

"ಮಿಸಿಸಾಗಾ ಅನ್ನಬೇಕಿತ್ತು."

"ಸರಿ. 'ಇವತ್ತು ಯಾವ ವಾರ?' 'ಎತ್ತಿಗೆ ಸೂಟಿ.' ಇದಕ್ಕೂ ಸೊನ್ನಿ?"

"ಮಮ್ಮಿ, ದಟ್ಸ್ ನಾಟ್ ಆ್ಯನ್ ಆನ್ಸರ್. ವಾರ ಕೇಳಿದ್ರ ಎತ್ತಿಗೆ ರಜಾ ಅಂತಾಳ. ಎಲ್ಲಿ ಐತಿ ಎತ್ತು? ಡಿಸ್‌ಓರಿಯೆಂಟೆಡ್ ಅಂತ ಬರದೀನಿ."

ಕಲಾವತಿ ಹಾಳೆ ತಿರುವಿದಳು. "ಎರಡನೇ ಸಲ: 'ಐತವಾರದ ಮರುದಿನ.'"

"ಹೂಂ. ಅದಕ್ಕ ಹೆಸರೇನು ಆಯಿ ಅಂತ ಕೇಳಿದೆ. 'ನಾ ಹೇಳಬಾರದು, ನೀ ಹೇಳ' ಅಂದ್ಲು. ಸೆರಗಿನ್ಯಾಗ ಬಾಯಿ ಮುಚ್ಚಿಕೊಂಡು ನಗಾಕ ಹತ್ತಿದ್ಲು. ರೆಫ್ಯೂಸಲ್. ಇನ್‌ಆ್ಯಪ್ರೋಪ್ರಿಯೇಟ್ ಲಾಫ್ಟರ್."

ಕಲಾವತಿ ಬಿಸಿ ಡ್ರೈಯರಿಗೆ ಒರಗಿ ನಿಂತಳು. ಮೊದಲು ಅವಳ ಹೊಟ್ಟೆ ಅಲ್ಲಾಡಿತು, ಆಮೇಲೆ ಭುಜ. ಹಾಳೆಯನ್ನು ಮುಖಕ್ಕೆ ಮುಚ್ಚಿಕೊಂಡು ನಕ್ಕಳು, ಕಣ್ಣೀರು ಬರುವ ತನಕ ನಕ್ಕಳು.

"ವಾಟ್?"

"ಎಲಾ ಹುಚ್ಚಿ. ನಿಮ್ಮಜ್ಜನ ಹೆಸರೇನು?"

"ಸೋಮನಿಂಗಪ್ಪ."

"ನೀ ಟೆಸ್ಟ್ ಮಾಡಿದ ವಾರ ಯಾವುದು?"

"ಸೋಮ..." ಅಂದಳು ನೇತ್ರಾ. ವಾಷಿಂಗ್ ಮಷೀನು ನೀರು ಬಿಟ್ಟುಕೊಳ್ಳುತ್ತಿತ್ತು.

"ಗಂಡನ ಹೆಸರ ಅದು. ಅರವತ್ತೊಂದು ವರ್ಷಾತು ಮದುವ್ಯಾಗಿ, ಆರು ವರ್ಷಾತು ಅವರು ಹೋಗಿ, ಬಾಯಿ ತಪ್ಪಿ ಸೈತ ಒಮ್ಮೆ ಅಂದಾಕಿಯಲ್ಲ. ಊರಾಗ ಸೋಮೇಶ್ವರನ ಗುಡಿಗೆ ಹೋಗೂ ಮುಂದ ಮ್ಯಾಲಿನ ಗುಡಿ ಅಂತಾಳ. ವೀಸಾ ಆಫೀಸಿನ್ಯಾಗ ಗಂಡನ ಹೆಸರು ಕೇಳಿದ್ರ ನನ್ನ ಮೊಳಕೈಗೆ ತಿವಿದು, ನಾ ಹೇಳಬಾರದು ನೀ ಹೇಳ ಅಂದ್ಲು. ಆ ವಾರ ಎತ್ತಿನ ಕೊರಳಿಗೆ ನೊಗಾ ಇಡಂಗಿಲ್ಲ, ಬಸವಣ್ಣನ ವಾರ. ಅದಕ್ಕ ಎತ್ತಿಗೆ ಸೂಟಿ. ಸರಿಯಾಗೇ ಹೇಳ್ಯಾಳಲ್ಲ! ನಿನಗ ಸೊನ್ನಿ ಕೊಡಬೇಕು."

"ನೀವ್ಯಾಕ ಮೊದಲ ಹೇಳಲಿಲ್ಲ?"

"ನೀ ನಮಗ ನಂಬರ್ ಹೇಳಿದಿ," ಅಂದಳು ಕಲಾವತಿ ಕಣ್ಣೊರೆಸಿಕೊಂಡು. "ಮಾತು ಹೇಳಲಿಲ್ಲ."

ನೇತ್ರಾ ಆ ಹಾಳೆ ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದಳು. ಈರೇಶ ಕೇಳಿದ, ಅವನೂ ಒಂದಿಷ್ಟು ನಕ್ಕ. ನಕ್ಕು ಮುಗಿದ ಮೇಲೆ ಅಂದ: "ಸರಿ, ಇಪ್ಪತ್ತಾತು ಅನ್ನು. ಹಂಚು? ಅದೂ ಅಪ್ಪನ ಹೆಸರಿಗೆ ಸುಟ್ಟತೇನು?"

"ಒಂದು ಸಲ ಯಾರೂ ಮರೀತಾರ ಪಪ್ಪಾ! ನೀವು ಹೋದ ಚಳಿಗಾಲ ಗ್ಯಾರೇಜ್ ತಗದಿಟ್ಟು ಹೋಗಿರಲಿಲ್ಲ?"

"ನರ್ಸ್ ಬರಲಿ."

ನರ್ಸಿನ ದಿನ ಡಿಸೆಂಬರಿನ ಎರಡನೆಯ ಸೋಮವಾರಕ್ಕೆ ನಿಗದಿಯಾಗಿತ್ತು. ಬೇರೆ ದಿನ ಕೊಡಿ ಅಂತ ನೇತ್ರಾ ಫೋನು ಮಾಡಿ ನಲವತ್ತು ನಿಮಿಷ ಹೋಲ್ಡಿನ ಸಂಗೀತ ಕೇಳಿದಳು. ಬೇರೆ ದಿನ ಬೇಕಾದರೆ ಫೆಬ್ರವರಿ ಅಂದರು. ಫೆಬ್ರವರಿಯ ತನಕ ನಾಬಿಲ್ಲದ ಒಲೆ! ಅವಳು ಸೋಮವಾರಕ್ಕೇ ಹೂಂ ಅಂದು, ನರ್ಸಿಗೆ ಕೊಡಲು ಒಂದು ಪುಟದ ಟಿಪ್ಪಣಿ ಬರೆದಳು. ಉತ್ತರ ಕರ್ನಾಟಕದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಆ ಹೆಸರು ಸೇರಿದ ಪದವನ್ನೂ ಹೇಳುವುದಿಲ್ಲ, ಆದ್ದರಿಂದ ಈ ಪ್ರಶ್ನೆಗೆ ಮೌನವನ್ನು ಸರಿ ಉತ್ತರವೆಂದೇ ಎಣಿಸಬೇಕು. ಕೆಳಗೆ ನಾಲ್ಕು ಪುಸ್ತಕಗಳ ಹೆಸರೂ ಹಾಕಿದಳು.

ಆ ಮೂರು ವಾರ ಅವಳು ಆಯಿಯ ವಕೀಲಳಾದಳು. ಮೊದಲು ಎಲ್ಲದರಲ್ಲೂ ಕಾಯಿಲೆ ಕಾಣುತ್ತಿದ್ದವಳಿಗೆ ಈಗ ಯಾವುದರಲ್ಲೂ ಕಾಣಲೊಲ್ಲದು. ಹಾಲಿನ ಡಬ್ಬಿ ಹಿಟ್ಟಿನ ಕಪಾಟಿನಲ್ಲಿ ಸಿಕ್ಕಿತು: "ಫ್ರಿಜ್ ತುಂಬೈತಿ, ಅದಕ್ಕ ಅಲ್ಲಿಟ್ಟಾಳ." ಆಯಿ ಒಂದು ಸಂಜೆ ಅವಳನ್ನು "ದಾನವ್ವಾ" ಅಂತ ಕರೆದಳು. ದಾನವ್ವ ಅಂದರೆ ನಿಂಗವ್ವನ ತಂಗಿ, ತೀರಿ ಹೋಗಿ ಬಹಳ ವರ್ಷವಾಯಿತು. "ನಾನು ಅವರಂಗ ಕಾಣತೀನಂತ ಮಮ್ಮಿ!" ಅಂತ ನೇತ್ರಾ ಕುಣಿದಳು.

ಕಲಾವತಿ ಹಾಲಿನ ಡಬ್ಬಿಯನ್ನು ಮೂಸಿ ನೋಡಿ ಸಿಂಕಿಗೆ ಸುರಿದಳು. "ಒಂದು ಮಾರ್ಕಿನ್ಯಾಗ ಎಲ್ಲಾನೂ ಮುಚ್ಚಬ್ಯಾಡ ನೇತ್ರಾ."

"ನೀವು ಯಾರ ಕಡೆ?"

"ನಾ ದಿನಾ ನೋಡತೀನಿ ಅಲ್ಲೆ. ಕಡೆ ಅಂತ ಇರಂಗಿಲ್ಲ ಅದರಾಗ."

*

ನರ್ಸು ಹತ್ತು ಗಂಟೆಗೆ ಬಂದಳು. ಹಿಮಕ್ಕೆ ಒದ್ದೆಯಾದ ಬೂಟನ್ನು ಬಾಗಿಲಲ್ಲಿ ಬಿಟ್ಟು, ಹೂವಿನ ಚಿತ್ರದ ಕಾಲುಚೀಲದಲ್ಲಿ ಒಳಗೆ ನಡೆದಳು. ನೇತ್ರಾ ಟಿಪ್ಪಣಿಯ ಜೊತೆ ಮುಂದೆ ಬಂದಾಗ ನಕ್ಕು, "ಆಮೇಲೆ ಓದುತ್ತೇನೆ, ಮನೆಯವರು ಜೊತೆಗೆ ಕೂರುವ ಹಾಗಿಲ್ಲ," ಅಂದಳು ಇಂಗ್ಲಿಷಿನಲ್ಲಿ. ಮಾತು ತಿಳಿಸಲು ಫೋನಿನಲ್ಲಿ ದುಭಾಷಿ ಇದ್ದ. ರಜೆ ಹಾಕಿದ್ದ ಈರೇಶ, ಕಲಾವತಿ, ನೇತ್ರಾ ಮೂವರೂ ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ಕೂತು ಕಿವಿಗೊಟ್ಟರು.

"ನಮಸ್ಕಾರ ಅಮ್ಮಾ," ಅಂತು ಫೋನು.

"ಯಾರಪಾ ನೀ? ಯಾವೂರಾಂವ?"

"ಮೈಸೂರು ಕಡೆಯವನಮ್ಮಾ."

"ಊಟ ಆತೇನು?"

"ನಾನು ಡ್ಯೂಟೀಲಿದೀನಮ್ಮಾ. ಇವರು ಕೆಲವು ಪ್ರಶ್ನೆ ಕೇಳ್ತಾರೆ, ಹೇಳ್ತೀರಾ?"

"ಕೇಳಲಿ. ಒಲಿ ರಿಪೇರಿ ಯಾವಾಗ ಅಂತ ನಾನೂ ಕೇಳಾಕಿ ಅದೀನಿ."

ಈರೇಶ ಮೊಳಕಾಲ ನಡುವೆ ತಲೆ ಹಾಕಿದ. ಐದು ಪದ ಹೇಳಿದರು, ನಿಂಗವ್ವ ಐದನ್ನೂ ಕೂಡಲೇ ಒಪ್ಪಿಸಿದಳು. ಊರು ಕೇಳಿದರು. "ಮಿಸಿಸಾಗಾ," ಅಂದಳು, ಅದನ್ನು ನೇತ್ರಾ ವಾರವಿಡೀ ಬಾಯಿಪಾಠ ಮಾಡಿಸಿದ್ದಳು. ವಾರದ ಪ್ರಶ್ನೆ ಬಂತು. ನೇತ್ರಾ ಟಿಪ್ಪಣಿಯನ್ನು ಬಿಗಿಯಾಗಿ ಹಿಡಿದಳು. ಕಾಗದ ನಡುವೆ ಮುದುಡಿತು.

"ಅಮ್ಮಾ, ಇವತ್ತು ಯಾವ ವಾರ?"

"ಸೋಮವಾರ," ಅಂದಳು ನಿಂಗವ್ವ.

ಉಪ್ಪು ಕೊಡು ಅಂದಷ್ಟು ಸಲೀಸಾಗಿ.

ಮೆಟ್ಟಿಲ ಮೇಲೆ ಈರೇಶ ಹೆಂಡತಿಯ ಭುಜ ಹಿಡಿದು ಅಲುಗಾಡಿಸಿದ. "ಕೇಳಿದೇನ? ಒಲಿ ಸಲುವಾಗಿ ಅಪ್ಪನ ಹೆಸರು ಹೇಳಿದ್ಲು ನೋಡು! ಅರವತ್ತೊಂದು ವರ್ಷದ ಹಟ!" ಅಂದ ಪಿಸುಮಾತಿನಲ್ಲೇ. ಕಣ್ಣಂಚಿನಲ್ಲಿ ನೀರಾಡಿತು. ಕಲಾವತಿ ಅವನ ಕೈಯನ್ನು ಭುಜದಿಂದ ಮೆಲ್ಲಗೆ ಇಳಿಸಿದಳು. ನೇತ್ರಾ ಅಪ್ಪನ ಮುಖ ನೋಡಿ ಅದನ್ನೇ ನಂಬಿದಳು.

ಒಂದು ಗಂಟೆಯ ನಂತರ ನರ್ಸು ಬೂಟು ಹಾಕಿಕೊಳ್ಳುತ್ತ ಹೇಳಿದ್ದು ಇಷ್ಟು: ವಯಸ್ಸಿಗೂ ಓದಿಗೂ ನೋಡಿದರೆ ಅಂಕ ಚೆನ್ನಾಗಿಯೇ ಇದೆ, ವಾರ ಸ್ಪಷ್ಟವಾಗಿ ಹೇಳಿದರು, ಆರು ತಿಂಗಳ ನಂತರ ಮತ್ತೊಮ್ಮೆ ನೋಡೋಣ. ನೇತ್ರಾಳ ಟಿಪ್ಪಣಿಯನ್ನು ಇಸಿದುಕೊಳ್ಳದೆಯೇ ಹೋದಳು.

ಈರೇಶ ಚಹಾ ಡಬ್ಬಿ ಇಳಿಸಿ ನಾಲ್ಕು ನಾಬುಗಳನ್ನು ತಾನೇ ಒಂದೊಂದಾಗಿ ಹಚ್ಚಿದ. ಕಡೆಯದನ್ನು ತಾಯಿಯ ಕೈಗೆ ಕೊಟ್ಟ. "ನೀನ ಹಚ್ಚ ಅವ್ವಾ."

"ರಿಪೇರಿಗೆ ಭಾಳ ದಿನಾ ತಗೊಂಡಿ," ಅಂದಳು ಅವಳು.

*

ಸಂಜೆ ನಾಲ್ಕಕ್ಕೇ ಹೊರಗೆ ಬೆಳಕು ಇಳಿಯುತ್ತಿತ್ತು. ಅಡಿಗೆಮನೆಯಲ್ಲಿ ನಿಂಗವ್ವ ಕುದಿ ನೀರಿಗೆ ಜೋಳದ ಹಿಟ್ಟು ಸುರಿದು ನಾದಿದಳು. ಹಿಟ್ಟಿನ ವಾಸನೆ ಮಹಡಿಯ ತನಕ ಹೋಯಿತು. ನೇತ್ರಾ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಬಡಿದು, ತಿರುವಿ, ಬಡಿದು. ಕ್ಯಾಮೆರಾದಲ್ಲಿ ನೋಡಿದ ಕೈಗೆ ಈಗ ಸದ್ದು ಬಂದಿತ್ತು.

"ಆಯಿ, ಇವತ್ತ ಅಜ್ಜನ ಹೆಸರು ಹೇಳಿಬಿಟ್ಟೆಲ್ಲ."

"ಯಾರ ಹೆಸರು?"

"ಅಜ್ಜಂದು. ನರ್ಸಿನ ಮುಂದ."

"ನಾ ಎಲ್ಲಿ ಹೇಳಿದೆ? ವಾರ ಕೇಳಿದ, ವಾರ ಹೇಳಿದೆ." ನಿಂಗವ್ವ ರೊಟ್ಟಿ ಎತ್ತಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಳು.

ನೇತ್ರಾ ಸ್ಟೂಲಿನಿಂದ ಇಳಿದಳು. ಕೇಳಬಾರದು ಅನ್ನಿಸಿತು. ಕೇಳಿದಳು. "ಅಜ್ಜನ ಹೆಸರೇನು ಆಯಿ?"

"ನಾ ಹೇಳಬಾರದು. ನೀ ಹೇಳ."

ಅದೇ ಮಾತು. ಆದರೆ ಅಕ್ಟೋಬರಿನಲ್ಲಿ ಆ ಮಾತಾಡುವಾಗ ಆಯಿ ನೆಲ ನೋಡಿದ್ದಳು, ಸೆರಗಿನಲ್ಲಿ ಬಾಯಿ ಮುಚ್ಚಿ ಮದುವಣಗಿತ್ತಿಯ ಹಾಗೆ ನಕ್ಕಿದ್ದಳು. ಈಗ ನಗಲಿಲ್ಲ. ಹಿಟ್ಟು ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಮೊಮ್ಮಗಳ ಬಾಯಿಯನ್ನೇ ನೋಡುತ್ತ ನಿಂತಳು. ಗೊತ್ತಿಲ್ಲದ್ದನ್ನು ಕಾಯುವವರು ನೋಡುವ ಹಾಗೆ.

"ಸೋಮನಿಂಗಪ್ಪ," ಅಂದಳು ನೇತ್ರಾ.

"ಸೋಮನಿಂಗಪ್ಪ," ಅಂದಳು ನಿಂಗವ್ವ ಅವಳ ಹಿಂದೆಯೇ, ಗಟ್ಟಿಯಾಗಿ, ಒಂದೊಂದೇ ಅಕ್ಷರ. "ಚೊಲೊ ಹೆಸರೈತಿ."

ಹಂಚಿನ ಮೇಲೆ ರೊಟ್ಟಿಯ ಅಂಚು ಹೊತ್ತತೊಡಗಿತು. ನೇತ್ರಾ ಕೈ ಚಾಚಿ ನಾಬು ತಿರುವಿ ಉರಿ ಇಳಿಸಿದಳು. ಆಯಿ ಇನ್ನೊಂದು ಉಂಡೆ ಹಿಡಿದಳು.

ಹನ್ನೆರಡೂ ರೊಟ್ಟಿ ಮುಗಿಯುವ ತನಕ ನೇತ್ರಾ ಅಲ್ಲಿಂದ ಕದಲಲಿಲ್ಲ. ಊಟವಾದ ಮೇಲೆ ನಿಂಗವ್ವ ತನ್ನ ಕೋಣೆಯಲ್ಲಿ ಟಿವಿ ಹಚ್ಚಿಕೊಂಡಾಗ ಅವಳು ಅಪ್ಪ ಅಮ್ಮನನ್ನು ಮೇಜಿಗೆ ಕೂರಿಸಿದಳು. ಈ ಸಲ ನಂಬರು ಹೇಳಲಿಲ್ಲ. ಆಯಿ ಏನಂದಳು, ತಾನು ಏನಂದೆ, ಆಯಿ ಹೇಗೆ ನೋಡಿದಳು, ಎಲ್ಲವನ್ನೂ ಆಡಿದ ಹಾಗೇ ಹೇಳಿದಳು. ಇಂಗ್ಲಿಷ್ ಬೆರೆಸಲಿಲ್ಲ. ಬೆರೆಸಲು ಅವಳಿಗೆ ಯಾವ ಪದವೂ ಸಿಗಲಿಲ್ಲ.

ಈರೇಶ ಬಹಳ ಹೊತ್ತು ತಾಟಿನಲ್ಲಿ ಬೆರಳಾಡಿಸಿದ. "ಚೊಲೊ ಹೆಸರೈತಿ ಅಂದ್ಲಾ?"

"ಹೂಂ."

ಅವನು ಎದ್ದು ಅಡಿಗೆಮನೆಗೆ ಹೋದ. ಮೊದಲ ನಾಬು ಕಿತ್ತ ಸದ್ದು ಕೇಳಿತು.

"ಪಪ್ಪಾ, ತಗೀಬ್ಯಾಡ್ರಿ."

"ಮತ್ತ ಏನ್ ಮಾಡೂದು? ನೀನ ಹೇಳಿದಿ ಈಗ!"

"ತಗೀಬ್ಯಾಡ್ರಿ. ರೊಟ್ಟಿ ಬಡಿಯೂ ಮುಂದ ಯಾರರ ಒಬ್ಬರು ಬಾಜೂಕ ನಿಲ್ಲೂದು. ಸುಮ್ನ ನಿಲ್ಲೂದು, ಅಷ್ಟ. ಉಳಿದ ಹೊತ್ತಿನ್ಯಾಗ ಬೇಕಾರ ಕಿತ್ತಿಡ್ರಿ."

"ಯಾರು ನಿಲ್ಲತಾರ?" ಈರೇಶ ನಾಬು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದ. "ನಂದು ಶಿಫ್ಟು, ನಿಮ್ಮವ್ವಂದು ಶಿಫ್ಟು, ನಿಂದು ಹ್ಯಾಮಿಲ್ಟನ್ನು. ಬಾಯಿಲೆ ಹೇಳೂದು ಹಗರ."

"ಮಧ್ಯಾಹ್ನ ಅಂತ ಯಾರು ಹೇಳ್ಯಾರ? ಯಾವಾಗ ಯಾರು ಇರತಾರೋ ಆವಾಗ ಬಡೀಲಿ. ಸಂಜಿಗೆ ಬಡೀಲಿ."

"ಆಕಿ ಕೇಳತಾಳೇನು?"

"ಎರಡು ತಿಂಗಳು ರಿಪೇರಿ ಅಂತ ಕೂಡಸೀರಿ. ಸಂಜಿತನಕ ಕೂಡಂಗಿಲ್ಲ?"

ಕಲಾವತಿ ಫ್ರಿಜ್ಜಿನ ಬಾಗಿಲಿಗೆ ಹಚ್ಚಿದ್ದ ಕಿರಾಣಿ ಅಂಗಡಿಯ ಕ್ಯಾಲೆಂಡರನ್ನು ಕಿತ್ತು ತಂದು ಮೇಜಿನ ಮೇಲೆ ಹರಡಿದಳು. ಮೇಲಿನ ಹಾಳೆಯಲ್ಲಿ ಮೂರೇ ವಾರ ಉಳಿದ ಡಿಸೆಂಬರು. ಬಾಗಿಲ ಹಿಂದೆ ತೂಗುತ್ತಿದ್ದ ಯೂನಿಫಾರ್ಮಿನ ಕಿಸೆಯಿಂದ ಪೆನ್ನು ತೆಗೆದಳು.

"ಮಂಗಳವಾರ ನಾ ಎರಡಕ್ಕ ಬರತೀನಿ. ಗುರುವಾರನೂ. ಅವು ನನ್ನವು." ಬರೆದಳು. "ಶನಿವಾರ, ಐತವಾರ ಇವರಿಗೆ."

"ಶನಿವಾರ ಓವರ್‌ಟೈಮ್ ಇರತೈತಿ," ಅಂದ ಈರೇಶ.

"ಮುಂಜಾನಿ ಇರತೈತಿ. ಬಂದು ನಿಲ್ಲರಿ. ನಿಮ್ಮವ್ವ." ಬರೆದಳು. "ಬುಧವಾರ ನೇತ್ರಾ ಲಗೂ ಬರತಾಳ. ಶು­ಕ್ರವಾರ ನಾ ರಾತ್ರಿ ಪಾಳಿ, ಸಂಜಿತನಕ ಮನ್ಯಾಗ ಇರತೀನಿ." ಎಲ್ಲ ಚೌಕಗಳೂ ತುಂಬುತ್ತ ಬಂದು ಒಂದು ಸಾಲು ಮಾತ್ರ ಉಳಿಯಿತು. ಪೆನ್ನಿನ ತುದಿ ಅದರ ಮೇಲೆ ನಿಂತಿತು. "ಇದು?"

ಆಯಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಟಿವಿಯ ಸದ್ದು ನಿಂತಿತ್ತು.

ನೇತ್ರಾ ಬಾಯಿ ತೆರೆದಳು. ನಾಲಿಗೆಯ ತುದಿಗೆ ಬಂದ ಹೆಸರನ್ನು ಅಲ್ಲೇ ನಿಲ್ಲಿಸಿ ನುಂಗಿಕೊಂಡಳು.

"ಎತ್ತಿಗೆ ಸೂಟಿ ಇರತೈತಲ್ಲ, ಆ ದಿನ," ಅಂದಳು. "ಅದು ನಂದು."